ಆತ್ಮಪ್ರಶಂಸೆಯ ಗದ್ಯ: ಲಿಂಕ್ಡ್‌ಇನ್ ಪ್ರೊಫೈಲುಗಳ ಒಂದು ವಿಮರ್ಶೆ

ಕಾದಂಬರಿ, ಕವನಸಂಕಲನ, ಸಂಘದ ವೇದಿಕೆಯ ಮೇಲೆ ಬಂದ ನಾಟಕ, ಇವುಗಳ ವಿಮರ್ಶೆಯನ್ನು ಈ ಪುಟಗಳಲ್ಲಿ ಓದಿ ರೂಢಿಯಾದ ವಾಚಕರಿಗೆ ನಮ್ಮ ಈ ಸಲದ ವಿಷಯ ತುಸು ವಿಚಿತ್ರವಾಗಿ ಕಂಡೀತು. ನಾವು ವಿಮರ್ಶೆಗೆ ಎತ್ತಿಕೊಂಡಿರುವ ಬರಹಕ್ಕೆ ಬೆಲೆಯಿಲ್ಲ, ರಕ್ಷಾಪುಟವಿಲ್ಲ, ಬಿಡುಗಡೆಯ ಸಮಾರಂಭವೂ ಇಲ್ಲ. ಅದರ ಲೇಖಕರಾದರೋ ನೂರು ಕೋಟಿಗೂ ಮಿಕ್ಕಿದ್ದಾರೆ. ಉದ್ಯೋಗಸ್ಥರು ತಮ್ಮ ವಿದ್ಯೆ, ಅನುಭವ, ಸಾಮರ್ಥ್ಯಗಳನ್ನು ತಾವೇ ಬರೆದು ಲೋಕದ ಮುಂದಿಡುವ ಲಿಂಕ್ಡ್‌ಇನ್ ಎಂಬ ಜಾಲತಾಣದ ‘ಪ್ರೊಫೈಲ್’ ಎಂಬ ಬರಹವೇ ಅದು. 2002ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೀಡ್ ಹಾಫ್‌ಮನ್ ಮತ್ತು ಅವರ ಜೊತೆಗಾರರು ಸ್ಥಾಪಿಸಿ, 2003ರ ಮೇ ತಿಂಗಳಲ್ಲಿ ಬಳಕೆಗೆ ಬಿಟ್ಟ ಈ ತಾಣವನ್ನು 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 2,620 ಕೋಟಿ ಡಾಲರುಗಳಿಗೆ ಕೊಂಡಿತು. ಅಷ್ಟು ಹಣ ತೆತ್ತು ಕೊಂಡದ್ದೇನು ಎಂದರೆ, ಜನ ತಮ್ಮ ವಿಷಯದಲ್ಲಿ ತಾವೇ ಬರೆದುಕೊಂಡದ್ದನ್ನು ಎನ್ನಬೇಕು. ಗದ್ಯಕ್ಕೆ ಇಂಥ ಬೆಲೆ ಬಂದದ್ದನ್ನು ಕನ್ನಡ ಪ್ರಕಾಶಕರು ಕನಸಿನಲ್ಲೂ ಕಂಡಿರಲಾರರು.

ಈ ಬರಹದ ಚರ್ಚೆ ನಮಗೇಕೆ ಎಂದು ಹಿರಿಯರು ಕೇಳಬಹುದು. ಮುಂಬಯಿಗೆ ಬಂದ ನಮ್ಮವರಿಗೆ ಕೆಲಸ ಸಿಕ್ಕುತ್ತಿದ್ದ ಬಗೆಯನ್ನು ಅವರೇ ನೆನೆದುಕೊಳ್ಳಲಿ. ಊರಿನ ಮಾಸ್ತರರದೊಂದು ಕಾಗದ, ಒಂದೇ ಖೋಲಿಯಲ್ಲಿ ಹಾಸಿಗೆ ಬಿಚ್ಚುತ್ತಿದ್ದ ಎಂಟು ಜನರಲ್ಲಿ ಒಬ್ಬನ ಬಾಯಿಮಾತು, ಹೋಟೆಲಿನ ಗಲ್ಲೆಯಲ್ಲಿ ಕುಳಿತ ಧಣಿಯ ಪರಿಚಯ, ಇಷ್ಟೇ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕೋಟೆಯ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು ಬ್ಯಾಂಕು, ಬಂದರು, ವಿಮಾ ಕಚೇರಿಗಳನ್ನು ಸೇರಿದವರು ತಮ್ಮ ವಿಷಯದಲ್ಲಿ ತಾವು ಬರೆದದ್ದು ಅರ್ಜಿಯ ಅರ್ಧ ಹಾಳೆ ಮಾತ್ರ. ಉಳಿದುದನ್ನು ಬೇರೆಯವರು ಅವರ ಪರವಾಗಿ ಹೇಳುತ್ತಿದ್ದರು. ಈಗ ಆ ಖೋಲಿ ಇಲ್ಲ, ಆ ಧಣಿಯ ಮಕ್ಕಳು ಹೋಟೆಲನ್ನು ಗುತ್ತಿಗೆಗೆ ಕೊಟ್ಟಿದ್ದಾರೆ, ಡೊಂಬಿವಲಿಯ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಗುರುಗ್ರಾಮದಲ್ಲೋ ಸಿಂಗಪುರದಲ್ಲೋ ಕುಳಿತು ಪರದೆಯ ಮೇಲೆ ಅವನನ್ನು ಓದುತ್ತಾರೆ. ಅವನ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇಲ್ಲ. ಅವನು ಬರೆದದ್ದಷ್ಟೇ ಅವನು.

ಕೆಲವು ವಾರಗಳಿಂದ ನಾವು ಪರಿಚಿತ ಕುಟುಂಬಗಳ ತರುಣ ತರುಣಿಯರ ಪ್ರೊಫೈಲುಗಳನ್ನು, ಅವರ ಅನುಮತಿ ಪಡೆದೇ, ಕಾವ್ಯವನ್ನು ಓದುವಷ್ಟೇ ಗಮನವಿಟ್ಟು ಓದಿದೆವು. ಓದಿದುದರಲ್ಲಿ ಎರಡು ಪಂಥಗಳು ಸ್ಪಷ್ಟವಾಗಿ ತೋರುತ್ತವೆ. ಮೊದಲನೆಯದು ಮೌನಪಂಥ. ಹೆಸರು, ಕಾಲೇಜು, ಕಂಪೆನಿ, ಹುದ್ದೆ, ಅಲ್ಲಿಗೆ ಮುಗಿಯಿತು. ಫೋಟೋದ ಜಾಗದಲ್ಲಿ ಬೂದುಬಣ್ಣದ ಆಕೃತಿ, ಇಲ್ಲವೇ ಯಾರದೋ ಮದುವೆಯ ಮಂಟಪದಿಂದ ಕತ್ತರಿಸಿ ತೆಗೆದ, ಹೆಗಲ ಮೇಲೆ ಇನ್ನೊಬ್ಬರ ಕೈ ಉಳಿದುಕೊಂಡಿರುವ ಚಿತ್ರ. ಇವರನ್ನು ಕೇಳಿದರೆ ‘ನಮ್ಮನ್ನು ನಾವೇ ಹೊಗಳಿಕೊಳ್ಳುವುದು ಹೇಗೆ’ ಎನ್ನುತ್ತಾರೆ. ಎರಡನೆಯದು ಡಂಗುರಪಂಥ. ಇಲ್ಲಿ ಎಲ್ಲರೂ ‘ಪ್ಯಾಷನೇಟ್’, ಎಲ್ಲರೂ ‘ರಿಸಲ್ಟ್ಸ್ ಡ್ರಿವನ್’, ಕೆಲಸಕ್ಕೆ ಸೇರಿ ಎರಡು ವರ್ಷವಾದವರೂ ‘ಥಾಟ್ ಲೀಡರ್’. ಒಂದನ್ನು ಓದಿದರೆ ಉಳಿದುದನ್ನು ಓದಬೇಕಾಗಿಲ್ಲ.

ಮೇಲ್ನೋಟಕ್ಕೆ ಒಂದು ವಿನಯ, ಇನ್ನೊಂದು ಜಂಬ. ಆದರೆ ಎರಡರ ದೋಷವೂ ಒಂದೇ ಎಂಬುದು ನಮ್ಮ ಅಭಿಪ್ರಾಯ. ಎರಡರಲ್ಲೂ ಕ್ರಿಯಾಪದವಿಲ್ಲ. ಈ ಮನುಷ್ಯ ಏನು ಮಾಡಿದ ಎಂಬ ಪ್ರಶ್ನೆಗೆ ಮೌನಪಂಥದವನು ಉತ್ತರ ಕೊಡುವುದಿಲ್ಲ; ಡಂಗುರಪಂಥದವನು ಉತ್ತರದ ಬದಲಿಗೆ ವಿಶೇಷಣವನ್ನು ಕೊಡುತ್ತಾನೆ. ಈ ವಿಶೇಷಣಗಳಾದರೂ ಸ್ವಂತದವಲ್ಲ. ಪಕ್ಕದವನ ಪ್ರೊಫೈಲಿನಿಂದ ಎರವಲು ತಂದವು. 2023ರಿಂದೀಚೆಗಂತೂ ಹಣ ತೆತ್ತ ಸದಸ್ಯರಿಗೆ ತಲೆಬರಹವನ್ನೂ ಪರಿಚಯವನ್ನೂ ಬರೆದುಕೊಡುವ ಯಂತ್ರವನ್ನು ಲಿಂಕ್ಡ್‌ಇನ್ ತಾನೇ ಇಟ್ಟಿದೆ. ಹೊರಗೆ ಪುಕ್ಕಟೆಯಾಗಿ ಬರೆದುಕೊಡುವ ಯಂತ್ರಗಳಿಗೂ ಕೊರತೆಯಿಲ್ಲ. ಇಡ್ಲಿ ತಟ್ಟೆಯಿಂದ ಎಬ್ಬಿಸಿದಂತೆ ಒಂದೇ ಗಾತ್ರದ, ಒಂದೇ ಮೆದುವಿನ ವಾಕ್ಯಗಳು ಹೊರಗೆ ಬರುತ್ತವೆ. ಇಡ್ಲಿಗೆ ಅದು ಗುಣ, ಬರಹಕ್ಕೆ ಅಲ್ಲ. ಯಂತ್ರದಿಂದ ಕಾಗುಣಿತ ತಿದ್ದಿಸಿಕೊಳ್ಳುವುದಕ್ಕೆ ನಮ್ಮ ಅಡ್ಡಿಯಿಲ್ಲ. ತಾನು ಮಾಡಿದ ಕೆಲಸ ತನಗೆ ಮಾತ್ರ ಗೊತ್ತಿರುವಾಗ ಅದನ್ನು ಯಂತ್ರ ಎಲ್ಲಿಂದ ತಂದೀತು?

ನಮ್ಮನ್ನು ನಾವು ಬಣ್ಣಿಸಿಕೊಳ್ಳಬಾರದೆಂಬ ಸಂಕೋಚ ಕನ್ನಡಿಗರ ಮನೆಗಳಲ್ಲಿ ಬಲವಾಗಿದೆ. ವಚನಕಾರರಿಂದ ಬಂದ ಸಂಸ್ಕಾರ ಅದು. ಅದನ್ನು ಹಗುರಾಗಿ ಕಾಣುವವರಲ್ಲ ನಾವು. ಆದರೆ ಅದಕ್ಕಿಂತ ಹಿಂದಿನ ಪರಂಪರೆಯೊಂದನ್ನು ನೆನಪಿಸುವುದು ಅವಶ್ಯ. ಆದಿಕವಿ ಪಂಪ ತಾನು ಹುಟ್ಟಿದ ಸಂವತ್ಸರವನ್ನೂ, ವಂಶವನ್ನೂ, ಆಶ್ರಯ ಕೊಟ್ಟ ಅರಿಕೇಸರಿಯನ್ನೂ, ಸಂಭಾವನೆಯಾಗಿ ಬಂದ ಧರ್ಮವುರದ ಅಗ್ರಹಾರವನ್ನೂ ತನ್ನ ಕಾವ್ಯಗಳಲ್ಲಿ ಹೇಳಿಕೊಂಡಿದ್ದಾನೆ. ಅಷ್ಟೇ ಅಲ್ಲ, ಭಾರತವನ್ನು ಆರು ತಿಂಗಳಲ್ಲಿ, ಆದಿಪುರಾಣವನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಮುಧೋಳದ ರನ್ನ ತಾನು ಬಳೆಗಾರರ ಮನೆಯಲ್ಲಿ ಹುಟ್ಟಿದವನೆಂಬುದನ್ನು ಮರೆಮಾಚಲಿಲ್ಲ. ಕವಿಚಕ್ರವರ್ತಿಯೆಂಬ ಬಿರುದಿನ ಪಕ್ಕದಲ್ಲೇ ಅದನ್ನೂ ಇಟ್ಟ. ಇವರಲ್ಲಿ ಬಿರುದುಬಾವಲಿಗಳಿಗೆ ಬರವಿರಲಿಲ್ಲ ನಿಜ. ಆದರೆ ಸಾವಿರ ವರ್ಷಗಳ ಮೇಲೂ ಸಾಹಿತ್ಯಚರಿತ್ರಕಾರರ ಕೆಲಸಕ್ಕೆ ಬಂದದ್ದು ಸಂವತ್ಸರ, ಊರು, ತಿಂಗಳ ಲೆಕ್ಕ. ಹೊಗಳಿಕೆ ಮತ್ತು ವರದಿ ಎರಡೂ ಒಂದೇ ಅಲ್ಲ. ‘ನಾನು ಮಹಾಕವಿ’ ಎಂಬುದನ್ನು ಒಪ್ಪಬಹುದು, ಬಿಡಬಹುದು. ‘ಆರು ತಿಂಗಳಲ್ಲಿ ಮುಗಿಸಿದೆ’ ಎಂಬುದು ಸಂಗತಿ. ಮೌನಪಂಥದ ನಮ್ಮ ಮಕ್ಕಳಿಗೆ ಈ ಭೇದ ಹೊಳೆದರೆ ಅವರ ಸಂಕೋಚದ ಬಹುಪಾಲು ತಾನೇ ಕರಗೀತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ತರುಣಿ. ಆಕೆಯ ಪ್ರೊಫೈಲಿನಲ್ಲಿ ‘ಅಂಕಿಗಳೊಂದಿಗೆ ಆಟವಾಡುವ ಉತ್ಸಾಹಿ ವೃತ್ತಿಪರೆ’ ಎಂಬರ್ಥದ ಇಂಗ್ಲಿಷ್ ಸಾಲಿದೆ. ಕೇಳಲು ಚೆನ್ನಾಗಿದೆ. ಆದರೆ ಆಕೆ ಮಾಡುವುದೇನು? ಮೂರು ರಾಜ್ಯಗಳ ಜಿಎಸ್‌ಟಿ ರಿಟರ್ನ್ ತುಂಬುತ್ತಾಳೆ; ನಾನೂರು ಸರಬರಾಜುದಾರರ ಬಿಲ್ಲುಗಳನ್ನು ಪ್ರತಿ ತಿಂಗಳೂ ತಾಳೆ ನೋಡುತ್ತಾಳೆ; ಹನ್ನೆರಡು ದಿನ ಹಿಡಿಯುತ್ತಿದ್ದ ತಿಂಗಳ ಕೊನೆಯ ಲೆಕ್ಕವನ್ನು ಏಳು ದಿನಕ್ಕೆ ಇಳಿಸಿದ್ದಾಳೆ. ಈ ಮೂರು ಸಂಗತಿಗಳಲ್ಲಿ ಒಂದೂ ಪ್ರೊಫೈಲಿನಲ್ಲಿಲ್ಲ! ಯಾವುದು ಬರೆಯತಕ್ಕದ್ದೋ ಅದನ್ನು ‘ಅದರಲ್ಲೇನು ದೊಡ್ಡದು, ಅದು ನನ್ನ ಕೆಲಸವಷ್ಟೇ’ ಎಂದು ಬಿಟ್ಟು, ಬರೆಯಬಾರದ್ದನ್ನು ತಲೆಬರಹ ಮಾಡಿದಂತಾಯಿತು.

ಇಲ್ಲಿ ಕಾವ್ಯಮೀಮಾಂಸೆಗೂ ಈ ಗದ್ಯಕ್ಕೂ ಇರುವ ವಿರೋಧವೊಂದನ್ನು ಹೇಳಬೇಕು. ಆನಂದವರ್ಧನನ ಕಾಲದಿಂದ ನಾವು ಧ್ವನಿಯನ್ನು ಮೆಚ್ಚುತ್ತ ಬಂದವರು. ನೇರವಾಗಿ ಹೇಳಿದ್ದಕ್ಕಿಂತ ಸೂಚಿಸಿದ್ದು ಮೇಲೆಂದು ನಂಬಿದವರು. ಲಿಂಕ್ಡ್‌ಇನ್‌ನಲ್ಲಿ ವಾಚ್ಯಾರ್ಥಕ್ಕೇ ಪಟ್ಟ. ಏಕೆಂದರೆ ಇದರ ಮೊದಲ ಓದುಗ ಮನುಷ್ಯನಲ್ಲ. ಕೆಲಸಕ್ಕೆ ಜನ ಹುಡುಕುವ ಎಚ್.ಆರ್. ವಿಭಾಗದವರು ಹುದ್ದೆಯ ಹೆಸರು, ಕೌಶಲ, ಊರು ಇವನ್ನು ಟೈಪು ಮಾಡಿ ಹುಡುಕುತ್ತಾರೆ. ಆ ಶಬ್ದಗಳು ಇರುವ ಪ್ರೊಫೈಲುಗಳನ್ನು ಯಂತ್ರ ಅವರ ಮುಂದೆ ತಂದಿಡುತ್ತದೆ. ‘ಜಿಎಸ್‌ಟಿ’ ಎಂದು ಹುಡುಕುವವನಿಗೆ ‘ಅಂಕಿಗಳೊಂದಿಗೆ ಆಟ’ ಸಿಕ್ಕುವುದಿಲ್ಲ. ‘ಸೇಲ್ಸ್’ ಎಂಬ ಸಾದಾ ಮಾತನ್ನು ಬಿಟ್ಟು ‘ಬೆಳವಣಿಗೆಯ ಮಾಂತ್ರಿಕ’ ಎಂದು ಬರೆದುಕೊಂಡವನು ಯಾವ ಮಾಂತ್ರಿಕನೂ ಹುಡುಕಿಕೊಡಲಾರದ ಕಡೆ ಅಡಗಿ ಕುಳಿತಂತೆ. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರ ಈ ಪ್ರಕಾರಕ್ಕೆ ಹೆಚ್ಚು ಹತ್ತಿರದ ಮೀಮಾಂಸಕ. ಎಲ್ಲಿ ಯಾವ ಮಾತು ತಕ್ಕದ್ದೋ ಅಲ್ಲಿ ಅದು ಇದ್ದರೆ ಸಾಕು.

ಹೆಸರಿನ ಕೆಳಗಿನ ತಲೆಬರಹಕ್ಕೆ 220 ಅಕ್ಷರಗಳ ಮಿತಿಯಿದೆ. ಏನನ್ನೂ ಬರೆಯದವರಿಗೆ ಸದ್ಯದ ಹುದ್ದೆ ಮತ್ತು ಕಂಪೆನಿಯ ಹೆಸರೇ ತಲೆಬರಹವಾಗಿ ನಿಲ್ಲುತ್ತದೆ. ‘ಎಕ್ಸಿಕ್ಯೂಟಿವ್’ ಎಂಬ, ಯಾವ ಅರ್ಥವನ್ನೂ ಕೊಡದ ಪದ ಎಷ್ಟು ಜನರ ಹಣೆಬರಹವಾಗಿದೆಯೋ ಲೆಕ್ಕವಿಲ್ಲ. ಅದರ ಕೆಳಗಿನ ‘ಅಬೌಟ್’ ಭಾಗಕ್ಕೆ 2,600 ಅಕ್ಷರಗಳವರೆಗೆ ಅವಕಾಶವಿದ್ದರೂ, ಪರದೆಯ ಮೇಲೆ ಮೊದಲು ಕಾಣುವುದು ಆರಂಭದ ಕೆಲವೇ ಸಾಲುಗಳು. ಮಿಕ್ಕಿದ್ದಕ್ಕೆ ಓದುಗ ಗುಂಡಿ ಒತ್ತಬೇಕು. ಬಾಲ್ಯದಿಂದ ಕಥೆ ಆರಂಭಿಸುವವರು ಇದನ್ನು ಗಮನಿಸತಕ್ಕದ್ದು. ಆ ಲೆಕ್ಕಪತ್ರದ ತರುಣಿಯ ಮೂರು ಸಂಗತಿಗಳು ಮೊದಲ ಸಾಲುಗಳಲ್ಲೇ ಬಂದರೆ ಉಳಿದುದನ್ನು ಆಕೆ ಹೇಗೆ ಬರೆದರೂ ನಡೆದೀತು.

ಅನುಭವದ ಭಾಗದಲ್ಲಿ ನಮ್ಮವರಿಗೇ ಮೀಸಲಾದ ಒಂದು ತೊಡಕುಂಟು. ದಕ್ಷಿಣ ಕನ್ನಡದಲ್ಲಿ ಹುಟ್ಟಿ, ಮುಂಬಯಿಯ ಎಷ್ಟೋ ಕನ್ನಡ ಮನೆಗಳ ಒಲೆ ಉರಿಸಿದ ಬ್ಯಾಂಕುಗಳ ಹೆಸರುಗಳೇ ಈಗಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತು. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಅಲ್ಲಿ ಹದಿನೈದು ವರ್ಷ ದುಡಿದವರು ಕೆಲವರು ಹಳೆಯ ಹೆಸರನ್ನು ಅಭಿಮಾನದಿಂದ ಹಾಗೇ ಉಳಿಸಿಕೊಂಡಿದ್ದಾರೆ, ಕೆಲವರು ಪೂರ್ತಿ ಅಳಿಸಿ ಹೊಸದನ್ನು ಹಾಕಿಕೊಂಡಿದ್ದಾರೆ. ಎರಡೂ ಓದುಗನನ್ನು ದಾರಿ ತಪ್ಪಿಸುತ್ತವೆ. ಹಳೆಯ ಹೆಸರನ್ನು ಬರೆದು, ಯಾವ ವರ್ಷ ಯಾವ ಬ್ಯಾಂಕಿನಲ್ಲಿ ಸೇರಿತೆಂದು ಅಲ್ಲೇ ಒಂದು ಮಾತು ಹೇಳಿದರೆ ಚರಿತ್ರೆಗೂ ನ್ಯಾಯ, ತಮಗೂ ನ್ಯಾಯ. ಹಾಗೆಯೇ, ಇನಿಷಿಯಲ್ಲುಗಳ ಹಳೆಯ ಮೈಸೂರಿನವರೂ, ತಂದೆಯ ಹೆಸರನ್ನು ನಡುವೆ ಸೇರಿಸುವ ಮಹಾರಾಷ್ಟ್ರದ ಪದ್ಧತಿಗೆ ಒಗ್ಗಿದವರೂ ಪ್ರಮಾಣಪತ್ರದಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಒಂದು, ಇಲ್ಲಿ ಮತ್ತೊಂದು ಹೆಸರಿಟ್ಟುಕೊಂಡು ಮುಂದೆ ಕಷ್ಟಕ್ಕೆ ಸಿಕ್ಕುವುದುಂಟು.

ಈಗ ಶಿಫಾರಸುಗಳು. 2012ರಲ್ಲಿ ಬಂದ ‘ಎಂಡಾರ್ಸ್‌ಮೆಂಟ್’ ಎಂಬುದು ಒಂದು ಗುಂಡಿ ಒತ್ತಿ ಹೊಡೆಯುವ ಚಪ್ಪಾಳೆ; ನೂರು ಚಪ್ಪಾಳೆ ಬಿದ್ದರೂ ಅದರಿಂದ ತಿಳಿಯುವುದು ಸ್ವಲ್ಪ. ‘ರೆಕಮೆಂಡೇಷನ್’ ಹಾಗಲ್ಲ, ಇನ್ನೊಬ್ಬರು ವಾಕ್ಯಗಳಲ್ಲಿ ಬರೆದುಕೊಡುವ ಮಾತು ಅದು. ಕನ್ನಡ ಪುಸ್ತಕಗಳ ಮುನ್ನುಡಿಗಳನ್ನು ಓದಿ ಪಳಗಿದ ನಮಗೆ ಇದರ ರೋಗ ಗುರುತು ಹಿಡಿಯುವುದು ಸುಲಭವಾಯಿತು. ಪುಸ್ತಕವನ್ನು ಓದದೆ ಬರೆದ ಮುನ್ನುಡಿಯನ್ನು ಎಂಥ ಪುಸ್ತಕಕ್ಕೂ ಅಂಟಿಸಬಹುದು. ಇಲ್ಲಿಯ ಶಿಫಾರಸುಗಳೂ ಹೆಚ್ಚಾಗಿ ಹಾಗೆಯೇ ಇವೆ. ಎರಡು ಹುಡುಗರು ಒಂದೇ ದಿನ ಒಬ್ಬರನ್ನೊಬ್ಬರು ಕೊಂಡಾಡಿರುವುದನ್ನೂ ನಾವು ಕಂಡೆವು. ತಾಳಿ ಬಂದ ಶಿಫಾರಸು ಹೇಗಿರುತ್ತದೆಂದು ನೋಡಬೇಕಾದವರು ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬೆಟ್ಟಕ್ಕೆ ಹೋಗಲಿ. ಪಂಪನ ತಮ್ಮ ಜಿನವಲ್ಲಭ ಅಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಅಣ್ಣನ ವಿಷಯವೂ ಬರುತ್ತದೆ. ಬರೆದವನು ಒಡಹುಟ್ಟಿದವನೇ ಆದರೂ, ಅದರಲ್ಲಿ ವಂಶವಿದೆ, ಕೃತಿಯಿದೆ, ಪಡೆದ ಅಗ್ರಹಾರವಿದೆ. ಆದ್ದರಿಂದಲೇ ಅದನ್ನು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ.

ನಮ್ಮ ಸಂಘದ ನಿವೃತ್ತ ಸದಸ್ಯರಿಗೆ ಇಲ್ಲೊಂದು ಕೆಲಸವಿದೆ. ಅವರ ಕೈಕೆಳಗೆ ಕೆಲಸ ಕಲಿತವರು ಇಂದು ನಲವತ್ತೈದರ ವಯಸ್ಸಿನಲ್ಲಿ ಹೊಸ ಕೆಲಸ ಹುಡುಕುತ್ತಿದ್ದಾರೆ. ‘ಒಳ್ಳೆಯ ಹುಡುಗ, ಶ್ರಮಜೀವಿ’ ಎಂದು ಬರೆದುಕೊಟ್ಟರೆ ಸಾಲದು. ಇಂಥ ವರ್ಷ, ಇಂಥ ಶಾಖೆಯಲ್ಲಿ, ಇಂಥ ಬಿಕ್ಕಟ್ಟಿನಲ್ಲಿ ಇವನು ಹೀಗೆ ಮಾಡಿದ ಎಂದು ನಾಲ್ಕು ಸಾಲು ಬರೆದರೆ ಅದು ಶಾಸನ.

ಪರಿಚಯಗಳ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಜನರಿಗೆ ಕೆಲಸ ಸಿಕ್ಕುವುದು ಆಪ್ತರಿಂದಲ್ಲ, ಅಪರೂಪಕ್ಕೆ ಭೇಟಿಯಾಗುವ ದೂರದ ಪರಿಚಿತರಿಂದ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಷ್ಟು ಹಿಂದೆಯೇ ವಾದಿಸಿದ್ದರು. ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಸದಸ್ಯರನ್ನು ಐದು ವರ್ಷಗಳ ಕಾಲ ಪರೀಕ್ಷಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯೂ, ತೀರ ಹತ್ತಿರವಲ್ಲದ, ಪೂರ್ತಿ ಅಪರಿಚಿತವೂ ಅಲ್ಲದ ನಂಟುಗಳೇ ಕೆಲಸ ಬದಲಿಸಲು ಹೆಚ್ಚು ನೆರವಾದವೆಂದು ಕಂಡುಕೊಂಡಿತು. ಪರೀಕ್ಷೆ ನಡೆದದ್ದು ಆ 2 ಕೋಟಿ ಜನರಿಗೆ ತಿಳಿಸದೆ, ಅವರಿಗೆ ಸೂಚಿಸುತ್ತಿದ್ದ ಪರಿಚಯಗಳನ್ನೇ ಹೆಚ್ಚುಕಡಿಮೆ ಮಾಡಿ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಈ ಪ್ರಕಾಶಕರ ಕೈಯಲ್ಲಿ ನಾವು ಲೇಖಕರೂ ಹೌದು, ಪ್ರಯೋಗದ ಇಲಿಗಳೂ ಹೌದು. ಅದೇನೇ ಇರಲಿ, ಸಂಘದ ಯಕ್ಷಗಾನಕ್ಕೋ ರಾಜ್ಯೋತ್ಸವಕ್ಕೋ ವರ್ಷಕ್ಕೆರಡು ಸಲ ಕಂಡು ‘ಹೇಗಿದ್ದೀರಿ’ ಎಂದು ಕೈಮುಗಿದು ಹೋಗುವವರೇ ಈ ಲೆಕ್ಕದ ಪ್ರಕಾರ ಅತ್ಯಂತ ಬೆಲೆಯುಳ್ಳ ಪರಿಚಯಗಳು! ಆದರೆ ನಮ್ಮ ತರುಣರು ಅವರಿಗೆ ಒಂದು ಮಾತನ್ನೂ ಬರೆಯದೆ ಬರಿಯ ಕೋರಿಕೆಯ ಗುಂಡಿಯನ್ನು ಒತ್ತಿಬಿಡುತ್ತಾರೆ. ‘ನಮಸ್ಕಾರ ಅಂಕಲ್, ನವೆಂಬರ್ ಕಾರ್ಯಕ್ರಮದಲ್ಲಿ ಅಪ್ಪನ ಜೊತೆ ನಿಮ್ಮನ್ನು ಕಂಡಿದ್ದೆ. ಈಗ ಪುಣೆಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ’ ಎಂದು ಎರಡು ಸಾಲು ಬರೆದರೆ ಆ ಹಿರಿಯರು ಉತ್ತರ ಕೊಡದಿರುತ್ತಾರೆಯೇ? ‘ಅಂಕಲ್’ ಸಾಕೋ ‘ಸರ್’ ಬೇಕೋ ಎಂಬ ಚರ್ಚೆಯನ್ನು ಅವರವರ ಮನೆಗೆ ಬಿಡುತ್ತೇವೆ.

ಕೆಲಸ ಬೇಕಾಗಿದೆಯೆಂದು ಸಾರುವ, ಫೋಟೋದ ಸುತ್ತಲಿನ ಹಸಿರು ಉಂಗುರದ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಕೆಲಸ ಕಳೆದುಕೊಂಡವರು ಅದನ್ನು ಹಾಕಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಕೆಲಸದಲ್ಲಿದ್ದುಕೊಂಡೇ ಹುಡುಕುವವರಿಗಾಗಿ ಎಚ್.ಆರ್.ನವರಿಗೆ ಮಾತ್ರ ಕಾಣುವ ಏರ್ಪಾಡಿದೆ. ಆದರೆ ಸ್ವಂತ ಕಂಪೆನಿಗೆ ಅದು ಖಂಡಿತ ತಿಳಿಯುವುದಿಲ್ಲವೆಂಬ ಭರವಸೆಯನ್ನು ತಾಣದವರೇ ಕೊಡುವುದಿಲ್ಲ. ಕೆಲಸ ಬೇಕೆಂದು ಸಾರಿದವರನ್ನು ಮೋಸಗಾರರೂ ಹುಡುಕುತ್ತಾರೆ. ಥಾಯ್ಲೆಂಡಿನಲ್ಲಿ ಐ.ಟಿ. ಕೆಲಸವೆಂದು ನಂಬಿಸಿ ಯುವಕರನ್ನು ಮ್ಯಾನ್ಮಾರಿನ ಗಡಿ ದಾಟಿಸಿದ ಜಾಲಗಳ ಬಗ್ಗೆ ಭಾರತ ಸರಕಾರ 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಕೆಲಸ ಕೊಡುವ ಮೊದಲೇ ಹಣ ಕೇಳುವವರಿಗೆ ಮರುಉತ್ತರ ಬರೆಯಬೇಕಾಗಿಲ್ಲ.

ನಾವು ಓದಿದ ಪ್ರೊಫೈಲುಗಳಲ್ಲಿ ಮನಸ್ಸಿಗೆ ಹೆಚ್ಚು ನಾಟಿದ್ದು ಮಧ್ಯೆ ಬರೆಯದೆ ಬಿಟ್ಟ ವರ್ಷಗಳು. ಹೆರಿಗೆ, ಮಕ್ಕಳ ಪಾಲನೆ, ಹಾಸಿಗೆ ಹಿಡಿದ ಅತ್ತೆಮಾವಂದಿರ ಶುಶ್ರೂಷೆ, ಇವುಗಳಿಗಾಗಿ ಆರು, ಎಂಟು ವರ್ಷ ಕೆಲಸ ಬಿಟ್ಟ ಹೆಣ್ಣುಮಕ್ಕಳು ಆ ಅವಧಿಯನ್ನು ಅಪರಾಧದಂತೆ ಅಡಗಿಸುತ್ತಾರೆ. ಹಳೆಯ ಕೆಲಸದ ಕೊನೆಯ ವರ್ಷವನ್ನು ಅಳಿಸಿ ಅಲ್ಲೇ ಇನ್ನೂ ಇರುವಂತೆ ತೋರಿಸಿದವರೂ ಉಂಟು. ಮೊದಲ ಸಂದರ್ಶನದಲ್ಲೇ ಅದು ಬಯಲಾಗುತ್ತದೆ. 2022ರಿಂದ ಲಿಂಕ್ಡ್‌ಇನ್‌ನಲ್ಲಿ ‘ಕೆರಿಯರ್ ಬ್ರೇಕ್’ ಎಂದೇ ಒಂದು ನಮೂದಿಗೆ ಸ್ಥಳ ಮಾಡಿದ್ದಾರೆ. ಕಾರಣವನ್ನೂ ಕಾಲವನ್ನೂ ನೇರವಾಗಿ ಬರೆಯಬಹುದು. ಆ ವರ್ಷಗಳಲ್ಲಿ ಹೌಸಿಂಗ್ ಸೊಸೈಟಿಯ ಲೆಕ್ಕ ನೋಡಿದ್ದು, ಟ್ಯೂಷನ್ ಹೇಳಿದ್ದು, ಸಂಘದ ಮಹಿಳಾ ವಿಭಾಗದ ಮೇಳವನ್ನು ನಡೆಸಿ ಎಷ್ಟು ಮಳಿಗೆಗಳಿಗೆ ಜಾಗ ಹಂಚಿದೆವೆಂಬುದು ಇವೆಲ್ಲ ಕ್ರಿಯಾಪದಗಳೇ. ಸಂಬಳ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಕೆಲಸವನ್ನು ಕೆಲಸವೆಂದು ಬರೆಯಬಾರದೆಂಬ ನಿಯಮ ಎಲ್ಲಿಯೂ ಇಲ್ಲ.

ಕೊನೆಯದಾಗಿ ಪ್ರೊಫೈಲಿನ ತಳದಲ್ಲಿರುವ, ಯಾರೂ ಗಮನಿಸದ ‘ಭಾಷೆಗಳು’ ಎಂಬ ಭಾಗ. ಇಲ್ಲಿ ಇಂಗ್ಲಿಷು, ಹಿಂದಿ, ಮರಾಠಿ ಇವೆ. ಶಾಲೆಯಲ್ಲಿ ಎರಡು ವರ್ಷ ಓದಿ ಮರೆತ ಫ್ರೆಂಚೂ ಇದೆ. ಕನ್ನಡ ಹಲವರಲ್ಲಿ ಇಲ್ಲ! ಕೇಳಿದರೆ, ‘ಮಾತಾಡಲು ಮಾತ್ರ ಬರುತ್ತದೆ, ಓದಲು ಬರುವುದಿಲ್ಲ, ಹಾಕಿದರೆ ಸುಳ್ಳಾಗುವುದಿಲ್ಲವೇ’ ಎಂದರು ಒಬ್ಬರು. ಪ್ರಾಮಾಣಿಕವಾದ ಮಾತು, ಆದರೆ ಫ್ರೆಂಚಿಗೆ ಏಕೆ ಅದೇ ತಕ್ಕಡಿ ಹಿಡಿಯಲಿಲ್ಲವೋ ತಿಳಿಯದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಗಿರಾಕಿಗಳೊಂದಿಗೆ ಮಾತಾಡುವವರು ಬೇಕಾದ ಕಂಪೆನಿಗೆ ಮನೆಮಾತಿನ ಕನ್ನಡವೇ ಅರ್ಹತೆ. ಸರಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಂತೂ ಆಯಾ ರಾಜ್ಯದ ಭಾಷೆ ಬಲ್ಲವರಾಗಿರಬೇಕೆಂಬ ನಿಯಮವೇ ಇದೆ, ಅಲ್ಲಿ ಓದುಬರಹವೂ ಬೇಕಾಗುತ್ತದೆ. ಭಾಷೆಯ ಮಟ್ಟಕ್ಕೆ ಲಿಂಕ್ಡ್‌ಇನ್ ಐದು ಮೆಟ್ಟಿಲುಗಳನ್ನು ಕೊಟ್ಟಿದೆ. ಮನೆಯಲ್ಲಿ ನಿರರ್ಗಳವಾಗಿ ಮಾತಾಡಿ, ಅಕ್ಷರ ಮಾತ್ರ ಬಾರದವರು ಕೆಳಗಿನಿಂದ ಎರಡನೆಯದನ್ನು, ಅಂದರೆ ಸೀಮಿತವಾಗಿ ಕೆಲಸಕ್ಕೆ ಬರುವ ಮಟ್ಟವನ್ನು, ಆರಿಸಿಕೊಳ್ಳಬಹುದು. ಅದರಲ್ಲಿ ಸುಳ್ಳೇನೂ ಇಲ್ಲ. ಅಕ್ಷರ ಕಲಿತ ಮೇಲೆ ಮೂರನೆಯದಕ್ಕೆ ಬದಲಿಸಲು ಅರ್ಧ ನಿಮಿಷವೂ ಬೇಡ.